ಗ್ಯಾಸ್ ತಾನಾಗಿ ಮುಗಿಯುವುದಿಲ್ಲ

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಓಡಿಹೋಗುತ್ತದೆ ಅನ್ನುತ್ತಾರೆ. ಅದು ಓಡಿದ ವಾರದಲ್ಲೇ ಕಾರ್ ಎಸಿ ರಿಪೇರಿ ಮಾಡುವವರ ಸುಗ್ಗಿ ಶುರುವಾಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ, ಕಲಬುರಗಿಯ ಹೊರವಲಯದ ತಗಡಿನ ಶೆಡ್ ಆಗಲಿ, ಮಾತುಕತೆ ಮಾತ್ರ ಒಂದೇ.

‘ಯಾಕೋ ಕೂಲಿಂಗೇ ಬರ್ತಿಲ್ಲ ನೋಡಪ್ಪಾ.’

‘ಗ್ಯಾಸ್ ಖಾಲಿಯಾಗಿರುತ್ತೆ ಸಾರ್. ಹಾಕಿಸಿಬಿಡಿ, ಅರ್ಧ ಗಂಟೆ ಕೆಲಸ.’

ಗ್ಯಾಸ್ ಹಾಕಿಸುತ್ತೇವೆ, ತಂಪಾಗುತ್ತದೆ, ಮುಂದಿನ ಶಿವರಾತ್ರಿಗೆ ಮತ್ತೆ ಅದೇ ಶೆಡ್ಡಿನ ಮುಂದೆ ನಿಲ್ಲುತ್ತೇವೆ. ಪೆಟ್ರೋಲಿನಂತೆ ಎಸಿ ಗ್ಯಾಸ್ ಕೂಡ ಓಡಿದಷ್ಟೂ ಖರ್ಚಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯೆಂದರೆ, ಅದು ಹೋಗಿದ್ದೆಲ್ಲಿಗೆ ಎಂದು ಕೇಳುವುದೇ ಇಲ್ಲ. ಕಾರಿನ ಎಸಿಯಲ್ಲಿ ಗ್ಯಾಸ್ ಉರಿಯುವುದಿಲ್ಲ, ಸವೆಯುವುದಿಲ್ಲ. ಮುಚ್ಚಿದ ಕೊಳವೆಗಳೊಳಗೆ ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತದೆ. ರಬ್ಬರ್ ಹೋಸುಗಳ ಮೂಲಕ ವರ್ಷಕ್ಕೆ ಕೆಲವು ಗ್ರಾಂ ನುಸುಳಿಹೋಗುವುದುಂಟು, ನಿಜ. ಆದರೆ ಒಂದೇ ವರ್ಷದಲ್ಲಿ ತಂಪು ಹೋಯಿತೆಂದರೆ, ಗ್ಯಾಸ್ ಕಡಿಮೆಯಾಗಿದ್ದೇ ಕಾರಣವಾಗಿದ್ದರೆ, ಎಲ್ಲೋ ಒಂದು ಕಡೆ ಸೋರಿಕೆ ಇದೆ. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬಿಸುವುದು ದುಡ್ಡನ್ನು ಗಾಳಿಗೆ ಬಿಟ್ಟಂತೆ, ಅಕ್ಷರಶಃ.

ಈ ಯಂತ್ರ ಮಾಡುವುದಾದರೂ ಏನು? ತಂಪನ್ನು ತಯಾರಿಸುವ ಯಂತ್ರ ಜಗತ್ತಿನಲ್ಲಿ ಇಲ್ಲ. ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುವುದಷ್ಟೇ ಸಾಧ್ಯ. ಮಣ್ಣಿನ ಹೂಜಿಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ನೀರಿನ ಬಿಸಿಯನ್ನು ಸೆಳೆದುಕೊಂಡು ಹೋಗುತ್ತದಲ್ಲ, ಕಾರಿನಲ್ಲೂ ಅದೇ ತತ್ವ. ಇಲ್ಲಿ ನೀರಿನ ಬದಲು ಆರ್-134ಎ ಎಂಬ ದ್ರವ. ಅದು ಸಾಮಾನ್ಯ ಒತ್ತಡದಲ್ಲಿ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರುವ ಕೂಲಿಂಗ್ ಕಾಯಿಲ್‌ನಲ್ಲಿ ಅದು ಆವಿಯಾಗುತ್ತ ಕಾರಿನೊಳಗಿನ ಗಾಳಿಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಕಂಪ್ರೆಸರ್ ಆ ಆವಿಯನ್ನು ಹಿಂಡಿ, ರೇಡಿಯೇಟರಿನ ಮುಂದೆ ಕೂತಿರುವ ಕಂಡೆನ್ಸರಿಗೆ ತಳ್ಳುತ್ತದೆ. ಅಲ್ಲಿ ಎದುರುಗಾಳಿಗೆ ಬಿಸಿ ಕಳೆದುಕೊಂಡು ಅದು ಮತ್ತೆ ದ್ರವವಾಗುತ್ತದೆ. ಕಿರಿದಾದ ಕವಾಟದ ಮೂಲಕ ನುಗ್ಗಿ ಮತ್ತೆ ಕಾಯಿಲ್‌ಗೆ ಬರುತ್ತದೆ. ಚಿಕ್ಕ ಕಾರಿನಲ್ಲಿ ಇಷ್ಟು ಕೆಲಸ ಮಾಡುವ ಗ್ಯಾಸಿನ ತೂಕ ಅರ್ಧ ಕಿಲೋ ಆಸುಪಾಸು.

ಅಮೆರಿಕದ ಪ್ಯಾಕಾರ್ಡ್ ಕಂಪನಿ 1940ರ ಮಾದರಿಯ ಕಾರಿಗೆ ಮೊದಲ ಬಾರಿ ಕಾರ್ಖಾನೆಯಲ್ಲೇ ಎಸಿ ಕೂರಿಸಿ ಮಾರಿತು. ಕಾಯಿಲ್ ಇದ್ದದ್ದು ಹಿಂದೆ, ಡಿಕ್ಕಿಯ ದೊಡ್ಡ ಪಾಲನ್ನು ನುಂಗಿಕೊಂಡು. ಕಂಪ್ರೆಸರಿಗೆ ಕ್ಲಚ್ ಇರಲಿಲ್ಲ. ಚಳಿಗಾಲ ಬಂತೆಂದರೆ ಎಂಜಿನ್ ಆರಿಸಿ, ಬಾನೆಟ್ ಎತ್ತಿ, ಬೆಲ್ಟನ್ನೇ ಕಳಚಿಡಬೇಕಿತ್ತು. ಒಂದೆರಡು ವರ್ಷದಲ್ಲೇ ಕಂಪನಿ ಅದನ್ನು ಕೈಬಿಟ್ಟಿತು. ಬೇಕಾದ ಉಷ್ಣಾಂಶ ಹೇಳಿದರೆ ಸಾಕು, ಉಳಿದದ್ದನ್ನು ತಾನೇ ನೋಡಿಕೊಳ್ಳುವ ವ್ಯವಸ್ಥೆ ಬಂದದ್ದು 1964ರ ಮಾದರಿಯ ಕ್ಯಾಡಿಲಾಕ್‌ನಲ್ಲಿ. ನಮ್ಮಲ್ಲಿ ಕಾರಿನ ಗಾಜಿನ ಮೇಲೆ ‘ಎಸಿ’ ಎಂದು ಸ್ಟಿಕರ್ ಅಂಟಿಸಿಕೊಂಡು ಮೆರೆದ ಕಾಲವನ್ನು ಕಂಡವರು ಇನ್ನೂ ಬೇಕಾದಷ್ಟು ಜನ ಇದ್ದಾರೆ.

ಬಿಸಿ ಹೊರುವುದಕ್ಕಿಂತ ಎಸಿ ಮಾಡುವ ಇನ್ನೊಂದು ಕೆಲಸವೇ ನನಗೆ ದೊಡ್ಡದೆನಿಸುತ್ತದೆ. ಅದು ಗಾಳಿಯಲ್ಲಿರುವ ನೀರನ್ನು ತೆಗೆಯುತ್ತದೆ. ಕಾಯಿಲ್ ಸೊನ್ನೆ ಡಿಗ್ರಿಗಿಂತ ಸ್ವಲ್ಪವೇ ಮೇಲಿರುವುದರಿಂದ ಅದನ್ನು ಸೋಕಿದ ಗಾಳಿಯ ತೇವ ಹನಿಗಟ್ಟಿ, ತಳದ ಪೈಪಿನಿಂದ ರಸ್ತೆಗೆ ತೊಟ್ಟಿಕ್ಕುತ್ತದೆ. ನಿಂತ ಕಾರಿನ ಕೆಳಗೆ ನೀರು ಕಂಡು, ‘ಸಾರ್, ನಿಮ್ ಗಾಡಿ ಲೀಕ್ ಆಗ್ತಿದೆ’ ಎಂದು ಗಾಜು ತಟ್ಟಿ ಹೇಳುವ ಪುಣ್ಯಾತ್ಮರು ಪ್ರತಿ ಸಿಗ್ನಲಿನಲ್ಲೂ ಸಿಗುತ್ತಾರೆ. ಅದು ಆರೋಗ್ಯದ ಲಕ್ಷಣ. ಮೇ ತಿಂಗಳ ಮಂಗಳೂರಿನಲ್ಲಿ ಆ ನೀರು ಧಾರೆಯಂತೆ ಇಳಿದರೆ, ಅದೇ ಕಾರು ರಾಯಚೂರಿನ ಒಣಬಿಸಿಲಿನಲ್ಲಿ ನಾಲ್ಕು ಹನಿ ಹಾಕಿದರೆ ಹೆಚ್ಚು. ಉಷ್ಣಾಂಶದ ಅಂಕಿ ನೋಡಿದರೆ ರಾಯಚೂರೇ ಕಠಿಣ. ಆದರೆ ಕರಾವಳಿಯಲ್ಲಿ ಎಸಿಯ ಶಕ್ತಿಯ ದೊಡ್ಡ ಪಾಲು ಗಾಳಿಯ ನೀರನ್ನು ಹಿಂಡುವುದಕ್ಕೇ ಹೋಗುತ್ತದೆ. 33 ಡಿಗ್ರಿಗೆ ಬೆವರು ಕಿತ್ತುಬರುವ ಊರಿನಲ್ಲಿ ‘ಬರೀ 33ಕ್ಕೇ ಎಸಿ ಸೋತುಹೋಯ್ತಲ್ಲ’ ಎಂದು ಅದನ್ನು ಬೈಯುವುದು ಅನ್ಯಾಯ. ಆ ನೀರು ರಸ್ತೆಗೆ ಬೀಳದೆ ಎಡಗಡೆ ಸೀಟಿನ ಕಾಲಡಿಯ ಮ್ಯಾಟ್ ಒದ್ದೆಯಾದರೆ ಮಾತ್ರ ಪೈಪ್ ಕಟ್ಟಿಕೊಂಡಿದೆ ಎಂದು ಅರ್ಥ.

ಮಳೆಗಾಲದಲ್ಲಿ ಘಟ್ಟ ಹತ್ತುವವರಿಗೆ ಈ ನೀರು ತೆಗೆಯುವ ಗುಣ ಜೀವ ಉಳಿಸುವ ಸಂಗತಿ. ಜುಲೈನ ಚಾರ್ಮಾಡಿಯನ್ನೋ ಆಗುಂಬೆಯನ್ನೋ ನೆನೆಸಿಕೊಳ್ಳಿ. ಒಳಗೆ ಐದು ಜನ, ನೆಂದ ಬಟ್ಟೆ, ಒದ್ದೆ ಕೊಡೆ, ಗಾಜೆಲ್ಲ ಏರಿಸಿದೆ. ‘ಮಳೆಗೆ ಎಂಥ ಎಸಿ ಮಾರಾಯ’ ಎಂದು ಯಾರೋ ಆರಿಸಿರುತ್ತಾರೆ. ಎರಡು ತಿರುವು ದಾಟುವಷ್ಟರಲ್ಲಿ ಮುಂದಿನ ಗಾಜು ಒಳಗಿನಿಂದ ಮಬ್ಬಾಗುತ್ತದೆ. ಡ್ರೈವರ್ ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದರಲ್ಲಿ ಹಳದಿ ಬಟ್ಟೆ ಹಿಡಿದು ಒರೆಸುತ್ತಿರುತ್ತಾನೆ. ಇದಕ್ಕೆ ಮದ್ದು ಎಸಿಯನ್ನು ಹಾಕುವುದೇ. ಎಸಿ ಆನ್, ಹೊರಗಿನ ಗಾಳಿ ಒಳಗೆ ಬರುವ ಗುರುತು, ಗಾಳಿಯ ದಿಕ್ಕು ಗಾಜಿಗೆ, ಉಷ್ಣಾಂಶದ ತಿರುಗಣೆ ಕೆಂಪಿನ ಕಡೆಗೆ. ಗಾಳಿ ಮೊದಲು ಕಾಯಿಲ್ ಮೇಲೆ ಹಾದು ಒಣಗುತ್ತದೆ, ನಂತರ ಹೀಟರಿನಲ್ಲಿ ಬೆಚ್ಚಗಾಗಿ ಗಾಜಿಗೆ ಬಡಿಯುತ್ತದೆ. ಸ್ವಲ್ಪ ಹೊತ್ತಿನಲ್ಲೇ ದಾರಿ ಕಾಣುತ್ತದೆ. ಯಾರಿಗೂ ಚಳಿಯೂ ಆಗುವುದಿಲ್ಲ.

ಮಬ್ಬು ಗಾಜಿನ ಹೊರಮೈಯಲ್ಲಿದ್ದರೆ ಕಥೆ ತಿರುವುಮುರುವು. ಕರಾವಳಿಯಲ್ಲಿ ಮಳೆ ನಿಂತ ಸಂಜೆ, ಎಸಿಯನ್ನು ಪೂರಾ ಕೆಳಗಿಳಿಸಿಕೊಂಡು ಹೋಗುವಾಗ ತಣ್ಣಗಾದ ಗಾಜಿನ ಹೊರಗೆ ಇಬ್ಬನಿ ಕೂರುತ್ತದೆ. ಒಳಗಿನಿಂದ ಎಷ್ಟು ಒರೆಸಿದರೂ ಹೋಗದು. ವೈಪರ್ ಒಂದು ಸಲ ಆಡಿಸಿ, ಉಷ್ಣಾಂಶ ಎರಡು ಮೂರು ಡಿಗ್ರಿ ಏರಿಸಿ, ಗಾಜಿಗೆ ಬೀಸುವ ತಣ್ಣನೆ ಗಾಳಿ ನಿಲ್ಲಿಸಿದರೆ ಮುಗಿಯಿತು. ಮಬ್ಬು ಯಾವ ಕಡೆಯದು ಎಂದು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ.

ಈಗ ‘ಆಟೋ’ ಬಟನ್ನಿನ ವಿಷಯ. ಸಾವಿರಾರು ರೂಪಾಯಿ ಹೆಚ್ಚು ಕೊಟ್ಟು ಕ್ಲೈಮೇಟ್ ಕಂಟ್ರೋಲ್ ಇರುವ ಮಾದರಿ ಕೊಳ್ಳುತ್ತೇವೆ, ಆಮೇಲೆ ಅದನ್ನು ದಿನವಿಡೀ ಕೈಯಲ್ಲೇ ತಿರುಗಿಸುತ್ತೇವೆ. ಬಿಸಿಲಲ್ಲಿ ನಿಂತ ಕಾರು ಹತ್ತಿದ ಕೂಡಲೇ 16ಕ್ಕೋ ‘ಲೋ’ಗೋ ಇಳಿಸುವುದು, ಹತ್ತು ನಿಮಿಷಕ್ಕೆ ನಡುಕ ಬಂದು 27ಕ್ಕೆ ಏರಿಸುವುದು. 16 ಎಂದರೆ ಬೇಗ ತಂಪು ಎಂಬುದು ಭ್ರಮೆ. ಒಳಗೆ 45 ಡಿಗ್ರಿ ಇರುವಾಗ ನೀವು 16 ಕೇಳಿದರೂ 23 ಕೇಳಿದರೂ ಅದು ಹಾಕುವುದು ಪೂರ್ತಿ ಶಕ್ತಿಯನ್ನೇ. 23ಕ್ಕೋ 24ಕ್ಕೋ ಇಟ್ಟು ಕೈ ತೆಗೆದರೆ ಫ್ಯಾನಿನ ವೇಗ, ಗಾಳಿಯ ದಿಕ್ಕು, ಒಳಗಾಳಿ-ಹೊರಗಾಳಿ ಎಲ್ಲವನ್ನೂ ಅದೇ ನಿಭಾಯಿಸುತ್ತದೆ. ಈ ಬಟನ್ನಿಗೆ ಬೇಕಿರುವುದು ಮಾಲೀಕನ ತಾಳ್ಮೆ ಮಾತ್ರ, ಅದೇ ನಮ್ಮಲ್ಲಿ ಕಡಿಮೆ.

ಅದಕ್ಕೆ ಕಣ್ಣೂ ಮೂಗೂ ಇವೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಇಂಥ ಹಲವು ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಮೇಲ್ಭಾಗದಲ್ಲಿ, ಗಾಜಿನ ಬುಡಕ್ಕೆ, ರೂಪಾಯಿ ನಾಣ್ಯಕ್ಕಿಂತ ಚಿಕ್ಕದಾದ ಒಂದು ಕಪ್ಪು ಗುಬುಟು ಇರುತ್ತದೆ. ಅದು ಬಿಸಿಲಿನ ಸೆನ್ಸರ್. ಬಿಸಿಲು ಎಷ್ಟು ಬೀಳುತ್ತಿದೆ ಎಂದು ನೋಡಿ, ಮೋಡ ಕವಿದಾಗ ತಂಪು ತಗ್ಗಿಸಿ, ಬಯಲಿಗೆ ಬಂದಾಗ ಏರಿಸುತ್ತದೆ. ನಾವು ಗಣಪತಿಯನ್ನೋ ರಾಘವೇಂದ್ರ ಸ್ವಾಮಿಗಳನ್ನೋ ಪ್ರತಿಷ್ಠಾಪಿಸುವ ಜಾಗವೂ ಸಾಮಾನ್ಯವಾಗಿ ಅದೇ. ಆಯುಧಪೂಜೆಯ ಹೂವಿನ ಹಾರ, ಟೋಲ್ ಚೀಟಿ, ಮಡಚಿದ ಟವೆಲು ಎಲ್ಲ ಸೇರಿ ಸೆನ್ಸರಿಗೆ ಯಾವಾಗಲೂ ಕತ್ತಲೆ. ಮಟಮಟ ಮಧ್ಯಾಹ್ನ ಹಿರಿಯೂರು ದಾಟುತ್ತಿದ್ದರೂ ಅದಕ್ಕೆ ರಾತ್ರಿ. ‘ಆಟೋದಲ್ಲಿ ಕೂಲಿಂಗ್ ಸಾಲಲ್ಲ’ ಎಂಬ ದೂರಿಗೆ ಕೆಲವೊಮ್ಮೆ ದೇವರನ್ನು ನಾಲ್ಕು ಅಂಗುಲ ಆಚೆ ಸರಿಸುವುದೇ ರಿಪೇರಿ. ಸ್ಟಿಯರಿಂಗಿನ ಆಸುಪಾಸಿನಲ್ಲಿ ಕಾಣುವ ಸಣ್ಣ ಜಾಲರಿಯ ಹಿಂದೆ ಇನ್ನೊಂದು ಸೆನ್ಸರ್ ಇರುತ್ತದೆ. ಅದು ಒಳಗಿನ ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಎಳೆದುಕೊಂಡು ಉಷ್ಣಾಂಶ ಅಳೆಯುತ್ತದೆ. ಅದರ ಮೇಲೆ ಸ್ಟಿಕರ್ ಅಂಟಿಸಬಾರದು.

ಮಾಮೂಲಿ ತಿರುಗಣೆಯ ಎಸಿಯದು ಬೇರೆ ಲೆಕ್ಕ. ಅಲ್ಲಿ ತಿರುಗಣೆಯನ್ನು ನೀಲಿಯಿಂದ ಕೆಂಪಿಗೆ ಸರಿಸಿದರೆ ಅನೇಕ ಕಾರುಗಳಲ್ಲಿ ಕಂಪ್ರೆಸರಿನ ದುಡಿಮೆ ಕಡಿಮೆಯಾಗುವುದಿಲ್ಲ. ಒಂದು ಪರದೆ ಸರಿದು, ಎಂಜಿನ್ನಿನ ಬಿಸಿನೀರು ಹರಿಯುವ ಹೀಟರಿನ ಗಾಳಿ ತಣ್ಣನೆ ಗಾಳಿಯೊಂದಿಗೆ ಬೆರೆಯುತ್ತದೆ ಅಷ್ಟೆ. ಆದ್ದರಿಂದ ಅಂಥ ಕಾರಿನಲ್ಲಿ ಉಷ್ಣಾಂಶ ಏರಿಸಿ ಪೆಟ್ರೋಲ್ ಉಳಿಸಿದೆ ಎಂದು ಬೀಗುವುದು ವ್ಯರ್ಥ.

ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗೆ ಏನಾಗುತ್ತದೆ? ಅಮೆರಿಕದ ಅರಿಜೋನ ಸ್ಟೇಟ್ ಯೂನಿವರ್ಸಿಟಿಯ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬೇಸಿಗೆಯ ಬಿಸಿಲಲ್ಲಿ ಒಂದು ಗಂಟೆ ನಿಂತ ಕಾರಿನೊಳಗಿನ ಗಾಳಿ ಸರಾಸರಿ 47 ಡಿಗ್ರಿ, ಸ್ಟಿಯರಿಂಗ್ 53, ಡ್ಯಾಶ್‌ಬೋರ್ಡ್ 69. ಅಂದರೆ ಹೊರಗಿನ ಗಾಳಿಯೇ ಒಳಗಿನದಕ್ಕಿಂತ ತಂಪು. ಹತ್ತಿದೊಡನೆ ಗಾಜೇರಿಸಿ ಒಳಗಾಳಿಯನ್ನೇ ಸುತ್ತಿಸುವುದು ಹಾಗಾಗಿ ದಡ್ಡತನ. ಎದುರುಬದುರು ಬಾಗಿಲು ತೆರೆದು, ಗಾಜಿಳಿಸಿ ಒಂದೆರಡು ನಿಮಿಷ ಓಡಿಸಿ ಬಿಸಿಗಾಳಿಯನ್ನು ಅಟ್ಟಿ, ಆಮೇಲೆ ಗಾಜೇರಿಸಿ ಒಳಗಾಳಿಯ ಗುರುತು ಒತ್ತಬೇಕು. ಹಾಗೆಂದು ಅದರಲ್ಲೇ ಚಿತ್ರದುರ್ಗದವರೆಗೆ ಹೋಗಬಾರದು. ನಾಲ್ಕು ಜನರ ಉಸಿರಿನ ಇಂಗಾಲದ ಡೈಆಕ್ಸೈಡ್ ಮುಚ್ಚಿದ ಕಾರಿನಲ್ಲಿ ಬೇಗ ಏರುತ್ತದೆ. ಊಟದ ಮೇಲಿನ ತೂಕಡಿಕೆ ಎಂದುಕೊಂಡದ್ದರಲ್ಲಿ ಅದರ ಪಾಲೂ ಇರುತ್ತದೆ. ಆಗಾಗ ಕೆಲವು ನಿಮಿಷ ಹೊರಗಾಳಿ ಬರಲಿ.

ಬಿಸಿಲಿಗೆ ಹೆದರಿ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವವರು ಸುಪ್ರೀಂ ಕೋರ್ಟಿನ 2012ರ ತೀರ್ಪು ನೆನಪಿಡಲಿ. ನಿಯಮದ ಪ್ರಕಾರ ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ ಶೇ 70ರಷ್ಟು, ಬದಿಯ ಗಾಜು ಶೇ 50ರಷ್ಟು ಬೆಳಕು ಬಿಡಬೇಕು. ಹೊಂಗೆ ಮರದ ನೆರಳು ಇವೆಲ್ಲಕ್ಕಿಂತ ಅಗ್ಗ.

ಆದರೆ ಮರದ ನೆರಳಿಗೂ ಒಂದು ತೆರಿಗೆ ಇದೆ. ಬಾನೆಟ್ಟಿಗೂ ಗಾಜಿಗೂ ನಡುವಿನ ಜಾಲರಿಯಿಂದಲೇ ಎಸಿ ಹೊರಗಾಳಿ ಎಳೆದುಕೊಳ್ಳುವುದು. ಹೊಂಗೆಯ ಹೂ, ಗುಲ್‌ಮೊಹರಿನ ಸಣ್ಣೆಲೆ ಎಲ್ಲ ಅಲ್ಲಿ ಸೇರಿ, ಮೊದಲ ಮಳೆಗೆ ಕೊಳೆತು ವಾಸನೆ ಹೊಡೆಯುತ್ತವೆ. ಒಳಗೆ ಕ್ಯಾಬಿನ್ ಫಿಲ್ಟರ್ ಇದೆ. ಅದನ್ನು ತೆಗೆದು ನೋಡಿದರೆ ಕಾರು ಯಾವ ಊರಿನದು ಎಂದು ಹೇಳಬಹುದು. ಬಳ್ಳಾರಿ, ಸಂಡೂರಿನ ಕಾರಿನದು ಅದಿರಿನ ಕೆಂಪು. ಬೆಂಗಳೂರಿನದು ಹೊಗೆಯ ಕಪ್ಪು. ಮಲೆನಾಡಿನದರಲ್ಲಿ ಇಲಿ ತಂದಿಟ್ಟ ಹತ್ತಿ, ಕಾಗದದ ಚೂರು. ಬಹುತೇಕ ಕಾರುಗಳಲ್ಲಿ ಅದು ಎಡಗಡೆ ಸೀಟಿನ ಮುಂದಿನ ಖಾನೆಯ ಹಿಂದೆಯೇ ಇರುತ್ತದೆ. ಖಾನೆಯನ್ನು ಎರಡೂ ಬದಿಯಿಂದ ಒಳಕ್ಕೆ ಒತ್ತಿ ಕಳಚಿದರೆ ಕಾಣುತ್ತದೆ. ಬದಲಾಯಿಸಲು ಸ್ಕ್ರೂಡ್ರೈವರ್ ಕೂಡ ಬೇಡ. ವರ್ಷಕ್ಕೊಮ್ಮೆ ಅಥವಾ ಹತ್ತು-ಹದಿನೈದು ಸಾವಿರ ಕಿಲೋಮೀಟರಿಗೊಮ್ಮೆ ಹೊಸದು ಹಾಕಿದರೆ, ‘ಗಾಳಿಯೇ ಬರ್ತಿಲ್ಲ’ ಎಂಬ ಅರ್ಧದಷ್ಟು ದೂರುಗಳು ಅಲ್ಲೇ ಮುಗಿಯುತ್ತವೆ ಎಂಬುದು ನನ್ನ ಅಂದಾಜು. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆದು ಒಣಗಿಸಿ ಮತ್ತೆ ಹಾಕುವ ಮಿತವ್ಯಯ ಮಾತ್ರ ಬೇಡ; ಎಳೆಗಳು ಬಿಚ್ಚಿಕೊಂಡು ಜರಡಿ ಕೆಟ್ಟಿರುತ್ತದೆ.

ಎಸಿ ಹಾಕಿದ ಮೊದಲ ನಿಮಿಷ ಹಳೇ ಸಾಕ್ಸಿನ ವಾಸನೆ ಬಂದರೆ ಒದ್ದೆ ಕಾಯಿಲ್ ಮೇಲೆ ಬೂಷ್ಟು ಬೆಳೆದಿದೆ. ಸುಗಂಧದ ಡಬ್ಬಿ ಇದಕ್ಕೆ ಉತ್ತರವಲ್ಲ. ಮನೆ ತಲುಪಲು ಐದು ನಿಮಿಷ ಇರುವಾಗ ಎಸಿ ಆರಿಸಿ ಫ್ಯಾನನ್ನಷ್ಟೇ ಓಡಲು ಬಿಟ್ಟರೆ ಕಾಯಿಲ್ ಒಣಗುತ್ತದೆ, ಬೂಷ್ಟಿಗೆ ನೆಲೆ ಸಿಗುವುದಿಲ್ಲ. ಆಗಲೇ ಬೆಳೆದಿದ್ದರೆ ಕಾಯಿಲ್ ತೊಳೆಯುವ ಫೋಮ್ ಸಿಗುತ್ತದೆ. ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಬೇಕು. ಕಂಪ್ರೆಸರಿಗೆ ಬೇಕಾದ ಎಣ್ಣೆ ಗ್ಯಾಸಿನ ಜತೆಗೇ ಸುತ್ತುತ್ತದೆ; ತಿಂಗಳುಗಟ್ಟಲೆ ಸುತ್ತದಿದ್ದರೆ ಸೀಲುಗಳು ಒಣಗಿ ಸೋರಿಕೆ ಅಲ್ಲಿಂದಲೇ ಹುಟ್ಟುತ್ತದೆ. ಶಿವರಾತ್ರಿಯ ನಂತರದ ಸಾಲಿಗೆ ಇದೂ ಒಂದು ಕಾರಣ.

ಗ್ಯಾರೇಜಿಗೆ ಹೋಗುವ ಮೊದಲು ಕಾರು ಯಾವಾಗ ತಂಪಾಗುತ್ತಿಲ್ಲ ಎಂದು ಗಮನಿಸಿದ್ದರೆ ಅರ್ಧ ರೋಗ ಪತ್ತೆಯಾದಂತೆ. ಹೆದ್ದಾರಿಯಲ್ಲಿ ಚೆನ್ನಾಗಿ ತಂಪು, ಸಿಲ್ಕ್ ಬೋರ್ಡ್ ಸಿಗ್ನಲಿನಲ್ಲಿ ನಿಂತರೆ ಬಿಸಿ ಎನ್ನುವುದಾದರೆ, ಓಡುವಾಗ ಕಂಡೆನ್ಸರಿಗೆ ಸಿಗುವ ಗಾಳಿ ನಿಂತಾಗ ಸಿಗುತ್ತಿಲ್ಲ. ಮುಂದಿನ ಫ್ಯಾನ್ ಕೆಟ್ಟಿದೆ, ಇಲ್ಲವೇ ಕಂಡೆನ್ಸರಿಗೆ ಮಣ್ಣು ಮೆತ್ತಿದೆ. ಸುಗ್ಗಿಯಲ್ಲಿ ಟಾರು ರಸ್ತೆಯೇ ಕಣವಾಗುವ ಊರುಗಳಲ್ಲಿ ರಾಗಿ ಹುಲ್ಲು, ಹುರುಳಿ ಸೊಪ್ಪಿನ ಮೇಲೆ ಕಾರು ಹಾಯಿಸಿದವರು ಮುಂಭಾಗವನ್ನೊಮ್ಮೆ ನೋಡಲೇಬೇಕು. ಸೊಪ್ಪು ಅಡಿಯಲ್ಲಿ ಸುತ್ತಿಕೊಂಡು ಕಾರಿಗೆ ಬೆಂಕಿ ಬಿದ್ದದ್ದೂ ಉಂಟು; ಹೊಟ್ಟಿನ ಧೂಳು ಕಂಡೆನ್ಸರ್ ಮುಚ್ಚುವುದು ಅದರ ಮುಂದೆ ಚಿಲ್ಲರೆ ವಿಷಯ. ತೊಳೆಯುವಾಗ ಮಾಮೂಲಿ ಪೈಪಿನ ನೀರು ಸಾಕು. ವಾಟರ್ ಸರ್ವಿಸ್‌ನವರ ಜೋರು ಧಾರೆಗೆ ಕಂಡೆನ್ಸರಿನ ತೆಳು ಹಾಳೆಗಳು ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚುತ್ತದೆ.

ಮೊದಲರ್ಧ ಗಂಟೆ ಚೆನ್ನಾಗಿದ್ದು ಆಮೇಲೆ ಗಾಳಿಯೇ ನಿಂತುಹೋದರೆ ಕಾಯಿಲ್ ಮೇಲೆ ಮಂಜು ಕಟ್ಟಿದೆ. ಸ್ವಲ್ಪ ಹೊತ್ತು ಎಸಿ ಆರಿಸಿದರೆ ಕರಗಿ ಗಾಳಿ ಮರಳುತ್ತದೆ, ಕಾರಣ ಫಿಲ್ಟರಿನಲ್ಲೋ ಕಾಯಿಲ್ ಸೆನ್ಸರಿನಲ್ಲೋ ಇರುತ್ತದೆ. ಫ್ಯಾನ್ ಕೊನೆಯ ವೇಗದಲ್ಲಿ ಮಾತ್ರ ತಿರುಗಿದರೆ ರೆಸಿಸ್ಟರ್ ಎಂಬ ಸಣ್ಣ ಬಿಡಿಭಾಗ ಸುಟ್ಟಿದೆ. ಡ್ಯಾಶ್‌ಬೋರ್ಡಿನ ಹಿಂದಿನಿಂದ ‘ಟಿಕ್ ಟಿಕ್’ ಎಂದು ಬಿಡದೆ ಸದ್ದು ಬಂದರೆ ಗಾಳಿಯ ಪರದೆ ತಿರುಗಿಸುವ ಪುಟ್ಟ ಮೋಟರಿನ ಹಲ್ಲು ಮುರಿದಿದೆ. ಗಾಜಿನ ಮೇಲೆ ಜಿಡ್ಡು, ಒಳಗೆ ಸಿಹಿ ವಾಸನೆ ಎರಡೂ ಇದ್ದರೆ ಹೀಟರಿನಿಂದ ಕೂಲೆಂಟ್ ಸೋರುತ್ತಿದೆ. ಅದಕ್ಕೂ ಎಸಿ ಗ್ಯಾಸಿಗೂ ಸಂಬಂಧವೇ ಇಲ್ಲ. ಇವುಗಳಲ್ಲಿ ಯಾವುದೇ ಇರಲಿ, ಹಲವು ಕಡೆ ಮೊದಲು ಬರುವ ಔಷಧ ಮಾತ್ರ ‘ಗ್ಯಾಸ್ ಹಾಕಿಸಿ’.

ನಿಜಕ್ಕೂ ಗ್ಯಾಸ್ ಕಡಿಮೆಯಾಗಿದ್ದರೆ ಒಳ್ಳೆಯ ಮೆಕ್ಯಾನಿಕ್ ಮೊದಲು ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತದೆಯೇ ನೋಡುತ್ತಾನೆ, ಸೋಪಿನ ನೊರೆ ಹಚ್ಚಿ ಗುಳ್ಳೆ ಹುಡುಕುತ್ತಾನೆ, ಇಲ್ಲವೇ ಅತಿನೇರಳೆ ಬೆಳಕಿಗೆ ಹೊಳೆಯುವ ಬಣ್ಣ ಬಿಡುತ್ತಾನೆ. ಸೋರಿಕೆ ಸರಿಪಡಿಸಿದ ಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಅರ್ಧ ಗಂಟೆಯಾದರೂ ಒಳಗಿನ ಗಾಳಿ, ತೇವ ಎರಡನ್ನೂ ಎಳೆಯುತ್ತಾನೆ. ತೇವ ಉಳಿದರೆ ಎಣ್ಣೆಯೊಂದಿಗೆ ಸೇರಿ ಆಮ್ಲವಾಗಿ ಒಳಗಿಂದೊಳಗೇ ತಿನ್ನುತ್ತದೆ. ಕೊನೆಗೆ ಗ್ಯಾಸನ್ನು ತೂಗಿ ಹಾಕುತ್ತಾನೆ. ಎಷ್ಟು ಗ್ರಾಂ ಬೇಕು ಎಂದು ಬಾನೆಟ್ ಕೆಳಗಿನ ಸ್ಟಿಕರಿನಲ್ಲಿ ಬರೆದಿರುತ್ತದೆ. ಮೀಟರ್ ಮುಳ್ಳು ನೋಡಿಕೊಂಡು ‘ಇನ್ನೊಂದು ಚೂರು ಇರಲಿ’ ಎಂದು ತುಂಬುವ ಉದಾರಿಯಿಂದ ತಂಪು ಕಡಿಮೆಯಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ.

ಅಗ್ಗದ ಗ್ಯಾಸಿನ ಬಗ್ಗೆಯೂ ಎಚ್ಚರ ಬೇಕು. ಆರ್-134ಎ ಹೆಸರಿನಲ್ಲಿ ಮಿಥೈಲ್ ಕ್ಲೋರೈಡ್ ಬೆರೆಸಿ ಮಾರಿದ್ದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. ಅದು ಅಲ್ಯುಮಿನಿಯಂ ಜತೆ ಸೇರಿ ಸ್ಫೋಟಕ ವಸ್ತುವಾಗುತ್ತದೆ. 2011ರಲ್ಲಿ ಹಡಗುಗಳ ಶೀತಲ ಕಂಟೇನರ್‌ಗಳು ಸಿಡಿದು ಕೆಲಸಗಾರರು ಸತ್ತದ್ದು ಹೀಗೆ. ಇನ್ನು ಗ್ಯಾಸನ್ನು ಸುಮ್ಮನೆ ಗಾಳಿಗೆ ಬಿಡುವ ಚಾಳಿ. ಓಜೋನ್ ಪದರ ತೂತು ಮಾಡಿದ ಹಳೆಯ ಆರ್-12 ಮಾಂಟ್ರಿಯಲ್ ಒಪ್ಪಂದದಿಂದಾಗಿ ಮೂಲೆ ಸೇರಿತು. ಅದರ ಜಾಗಕ್ಕೆ ಬಂದ ಆರ್-134ಎ ಓಜೋನ್‌ಗೆ ಸಾಧು. ಆದರೆ ನೂರು ವರ್ಷದ ಲೆಕ್ಕದಲ್ಲಿ ಅದರ ಒಂದು ಕಿಲೋ, ಭೂಮಿಯನ್ನು ಬಿಸಿ ಮಾಡುವುದರಲ್ಲಿ 1,300 ಕಿಲೋಗೂ ಮಿಕ್ಕಿದ ಇಂಗಾಲದ ಡೈಆಕ್ಸೈಡಿಗೆ ಸಮ. ಯುರೋಪಿನಲ್ಲಿ 2017ರಿಂದ ಹೊಸ ಕಾರುಗಳಿಗೆ ಅದನ್ನು ಹಾಕುವಂತಿಲ್ಲ. ಭಾರತ ಮಾಂಟ್ರಿಯಲ್ ಒಪ್ಪಂದದ ಕಿಗಾಲಿ ತಿದ್ದುಪಡಿಯನ್ನು 2021ರಲ್ಲಿ ಒಪ್ಪಿಕೊಂಡಿದ್ದು, ಇಂಥ ಅನಿಲಗಳನ್ನು 2032ರಿಂದ ಹಂತಹಂತವಾಗಿ ತಗ್ಗಿಸಬೇಕಿದೆ. ಪ್ರತಿ ವರ್ಷ ತುಂಬಿಸಿಕೊಂಡ ಅರ್ಧ ಕಿಲೋ ಹೋಗುವುದು ಅದೇ ಆಕಾಶಕ್ಕೆ.

ವಿದ್ಯುತ್ ಕಾರು ಕೊಂಡವರು ಮೆಕ್ಯಾನಿಕ್ಕಿಗೆ ಒಂದು ಪ್ರಶ್ನೆ ಹೆಚ್ಚು ಕೇಳಬೇಕು: ‘ಕಂಪ್ರೆಸರಿಗೆ ಯಾವ ಎಣ್ಣೆ ಹಾಕ್ತೀಯಪ್ಪಾ?’ ಅಲ್ಲಿ ಕಂಪ್ರೆಸರಿಗೆ ಬೆಲ್ಟ್ ಇಲ್ಲ, ನೂರಾರು ವೋಲ್ಟ್‌ನ ಬ್ಯಾಟರಿಯಿಂದಲೇ ನೇರ ತಿರುಗುತ್ತದೆ. ಅದರ ಎಣ್ಣೆ ವಿದ್ಯುತ್ತನ್ನು ಹರಿಯಗೊಡದ ಬೇರೆಯೇ ಜಾತಿಯದು. ಪೆಟ್ರೋಲ್ ಕಾರಿನ ಎಣ್ಣೆ ಬೆರೆತರೆ ವಿದ್ಯುತ್ ಸೋರಿ ಕಾರು ನಿಲ್ಲಬಹುದು, ಮುಟ್ಟಿದವರಿಗೆ ಅಪಾಯವೂ ಆಗಬಹುದು. ಹಲವು ಮಾದರಿಗಳಲ್ಲಿ ಬ್ಯಾಟರಿಯನ್ನು ತಂಪಾಗಿಡುವುದೂ ಇದೇ ಗ್ಯಾಸ್. ಹಾಗಾಗಿ ಅಲ್ಲಿ ಎಸಿ ಕೆಟ್ಟರೆ ಬರೀ ಬೆವರಿಗೆ ಮುಗಿಯುವುದಿಲ್ಲ.

ದೇಶದಲ್ಲಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೂ 2025ರಿಂದ ಎಸಿ ಕಡ್ಡಾಯವಾಗಿದೆ. ಎಂಜಿನ್ನಿನ ಪಕ್ಕದಲ್ಲೇ ಕೂತು ಹುಬ್ಬಳ್ಳಿಯಿಂದ ಸೊಲ್ಲಾಪುರಕ್ಕೆ ಹೋಗುವವನಿಗೆ ಇದು ಎಂದೋ ಸಿಗಬೇಕಿತ್ತು. ಆದರೆ ಚಾಲಕರ ವಿಷಯದಲ್ಲಿ ಒಂದು ಭಯ ಇದೆ. ವಿಮಾನ ನಿಲ್ದಾಣದ ಪಾರ್ಕಿಂಗಿನಲ್ಲಿ, ಮದುವೆ ಛತ್ರದ ಹಿಂದೆ, ಎಂಜಿನ್ ಓಡಿಸಿಕೊಂಡು ಗಾಜೇರಿಸಿ ಎಸಿಯಲ್ಲಿ ಮಲಗುವ ಟ್ಯಾಕ್ಸಿ ಚಾಲಕರನ್ನು ನೋಡುತ್ತೇವೆ. ನಿಂತ ಕಾರಿನ ಹೊಗೆ ಗೋಡೆಗೆ ಬಡಿದು, ಇಲ್ಲವೇ ತೂತಾದ ಸೈಲೆನ್ಸರ್ ಪೈಪಿನಿಂದ, ಒಳಗೆ ನುಸುಳಬಹುದು. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರು ಏಳುವುದೇ ಇಲ್ಲ. ಮುಚ್ಚಿದ ಶೆಡ್ಡಿನಲ್ಲಂತೂ ಗಾಜು ಎಷ್ಟು ಇಳಿಸಿದರೂ ಪ್ರಯೋಜನವಿಲ್ಲ. ವಿದ್ಯುತ್ ಕಾರಿನಲ್ಲಿ ಈ ಹೊಗೆ ಇಲ್ಲ. ಪೆಟ್ರೋಲು, ಡೀಸೆಲು, ಸಿಎನ್‌ಜಿ ಯಾವುದೇ ಆದರೂ ಮಲಗುವ ಮುನ್ನ ಎಂಜಿನ್ ಆರಿಸಿ ಕಿಟಕಿ ಇಳಿಸಬೇಕು. ಸೊಳ್ಳೆ ಕಾಟಕ್ಕೆ ಬಾಗಿಲಿಗೆ ಹಾಕುವ ಬಲೆಯ ಚೀಲ ಕಾರ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ, ಬೆಲೆಯೂ ಹೆಚ್ಚಿಲ್ಲ.